ಅಗ್ಗವೂ ಅರ್ಘವೂ

ಕಳೆದ ಸಂಚಿಕೆಯಲ್ಲಿ ಕಾಳುಕಡಿಗಳನ್ನು ಹುಳ ಹಿಡಿಯದಂತೆ ಇಡುವ ಬಗೆಯನ್ನು ಕುರಿತು ನಾವು ಬರೆದುದನ್ನೋದಿ ಕೆಲವರು ಗೃಹಿಣಿಯರು ಕಾಗದ ಬರೆದಿರುವರು. ಆ ಕಾಗದಗಳಲ್ಲಿ ಹುಳದ ಮಾತು ಸ್ವಲ್ಪ, ಪೇಟೆಯ ಮಾತೇ ಬಹಳ. "ಬೆಳಗಾವಿಗೆ ಬಂದರೆ ಹಣದ ಚೀಲಕ್ಕೆ ತೂತು ಬಿದ್ದಂತಾಗುವದು, ತಾವು ಅಲ್ಲಿಯೇ ಇರುವವರು, ಯಾವ ಸರಕನ್ನು ಎಲ್ಲಿ ಕೊಳ್ಳಬೇಕು, ಮಧ್ಯಾಹ್ನದ ಹಸಿವೆಗೆ ಎಲ್ಲಿ ಉಣಬೇಕು, ತಿಳಿಸುವಿರಾ?" ಎಂಬುದು ಅವೆಲ್ಲವುಗಳ ತಾತ್ಪರ್ಯ. ಈ ಪ್ರಶ್ನೆಯು ನಮಗೆ ಹೊಸದಲ್ಲ. ನಮ್ಮ ಮನೆಯು ಶಿವಬಸವ ನಗರದಲ್ಲಿರುವದು. ನೆಹರೂ ನಗರದ ಆಸ್ಪತ್ರೆಗೆ ಬಂದವರು, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬಂದವರು, ಮದುವೆಯ ಜವಳಿ ತೆಗೆಯಲು ಬಂದವರು, ಎಲ್ಲರೂ ನಮ್ಮ ಪಡಸಾಲೆಯಲ್ಲಿ ಒಂದು ಗಳಿಗೆ ಕುಳಿತು ಚಹ ಕುಡಿದೇ ಮುಂದೆ ಸಾಗುವರು. ಹೀಗೆ ಕೇಳುವವರು ಹೆಚ್ಚಿದಂತೆ, ಪೇಟೆಯ ವಿಷಯದಲ್ಲಿ ನಾವು ಬಲ್ಲಿದರೆಂಬ ಭಾವನೆಯು ನಮ್ಮಲ್ಲಿಯೂ ಬೆಳೆದುಬಿಟ್ಟಿತ್ತು. ಅದು ಎಷ್ಟು ಟೊಳ್ಳೆಂಬುದು ಈಚೆಗೆ ಒಂದು ದಿನದ ತಿರುಗಾಟದಲ್ಲಿ ಗೊತ್ತಾಯಿತು. ಕೇಳಿದವರಿಗೆ ಉತ್ತರವನ್ನು ಆ ದಿನದ ಕಥೆಯ ಮೂಲಕವೇ ಕೊಡುವೆವು.

ಮೊದಲು ಒಂದು ಶಬ್ದದ ಮಾತು. ಶಬ್ದ ಕಂಡಲ್ಲಿ ನಿಲ್ಲುವ ಚಾಳಿಯನ್ನು ವಾಚಕರು ಇಷ್ಟು ದಿನ ಸಹಿಸಿರುವರು, ಇಂದೂ ಸಹಿಸಬೇಕು. ನಾವು 'ಅಗ್ಗ' ಎನ್ನುವ ಮಾತು ಸಂಸ್ಕೃತದ 'ಅರ್ಘ' ಎಂಬುದರ ತದ್ಭವ. ಅರ್ಘವೆಂದರೆ ಬೆಲೆ, ಯೋಗ್ಯತೆ. 'ಮಹಾರ್ಘ'ವೆಂದರೆ ತುಟ್ಟಿ, ನಮ್ಮ ನೆರೆಯ ಮರಾಠಿಯ 'ಮಹಾಗ' ಹುಟ್ಟಿದ್ದು ಅದರಿಂದಲೇ. ಎಂದಮೇಲೆ ಬರಿಯ ಬೆಲೆಯೆಂಬ ಅರ್ಥದ ಶಬ್ದವು ಕನ್ನಡಿಗರ ಬಾಯಲ್ಲಿ ಕಡಿಮೆ ಬೆಲೆಯೆಂದಾಯಿತು. ತಕ್ಕ ಬೆಲೆಗೆ ಸಿಕ್ಕರೆ ಸಾಕು, ಅದೇ ಅಗ್ಗವೆಂದು ನಮ್ಮ ಹಿರಿಯರು ತಿಳಿದಿದ್ದರೋ ಏನೋ! ಕೌಟಿಲ್ಯನು ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ, ವರ್ತಕನು ಸ್ವದೇಶದ ಸರಕಿನ ಮೇಲೆ ನೂರಕ್ಕೆ 5, ಪರದೇಶದ ಸರಕಿನ ಮೇಲೆ ನೂರಕ್ಕೆ 10 ಲಾಭವಿಟ್ಟುಕೊಳ್ಳಬಹುದೆಂದು ಕಟ್ಟು ಹಾಕಿರುವನು. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇದೇ ಪ್ರಮಾಣವುಂಟು. ಆ ಸ್ಮೃತಿಗೆ ಮಿತಾಕ್ಷರವೆಂಬ ಟೀಕೆಯನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದವನು. ನೂರಕ್ಕೆ ಐವತ್ತು ಬಿಟ್ಟುಕೊಡುವ ಅಂಗಡಿಯನ್ನು ಕಂಡಿದ್ದರೆ ಅವನು ಏನೆನ್ನುತ್ತಿದ್ದನೋ!

ಕಥೆಗೆ ಬರೋಣ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಖಾನಾಪುರದ ಕಡೆಯ ಹಳ್ಳಿಯವನು, ಕುಂಬಾರಿಕೆಯ ಮನೆತನದವನು. ಕಾಲೇಜು ಓದುವಾಗ ನಮ್ಮ ಬಡಾವಣೆಯ ನಾಗನೂರು ರುದ್ರಾಕ್ಷಿ ಮಠದ ಪ್ರಸಾದನಿಲಯದಲ್ಲಿ ಉಂಡು ಬೆಳೆದವನು. ಎಷ್ಟೋ ತಲೆಮಾರಿನ ಬಡ ಹುಡುಗರನ್ನು ಆ ಮಠವು ಕಾಸು ಕೇಳದೆ ಸಾಕಿರುವದು. ಈಗ ಅವನಿಗೊಂದು ಚಿಕ್ಕ ನೌಕರಿ. ತಂದೆಯಿಲ್ಲ. ತಂಗಿಯ ಮದುವೆ ಗೊತ್ತಾಗಿ, ತಾಯಿ ತಂಗಿಯರೊಡನೆ ಒಂದು ಮುಂಜಾನೆ ಬಂದಿಳಿದನು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲವಾದ್ದರಿಂದ ಮೂವರಲ್ಲಿ ಒಬ್ಬನದೇ ಖರ್ಚು. ತಾಯಿಯ ಸೊಂಟದ ಚೀಲದಲ್ಲಿ 60,000 ರೂಪಾಯಿ. ಜವಳಿ, ಭಾಂಡೆ, ಕಿರಾಣಿ ಎಲ್ಲವೂ ಅದರಲ್ಲಿಯೇ ಆಗಬೇಕು. "ಸಾಲ ತಂದರೆ ನಾನು ಅಕ್ಷತೆಗೆ ನಿಲ್ಲುವದಿಲ್ಲ" ಎಂದು ಹುಡುಗಿಯು ಅಣ್ಣನಿಂದ ಮಾತು ತೆಗೆದುಕೊಂಡಿದ್ದಳಂತೆ. ಅವಳ ಕೈಯಲ್ಲಿ ಲೆಕ್ಕದ ಒಂದು ವಹಿ.

"ಸರ್, ತಾವು ಜೊತೆಗೆ ಬಂದರೆ ಧೈರ್ಯ" ಎಂದನು ಶಿಷ್ಯ. ನಾವು ಕೋಟು ತೊಟ್ಟೆವು. ನಮ್ಮ ಗೃಹಿಣಿಯು ಬಾಗಿಲವರೆಗೆ ಬಂದು, "ಇವರು ಪೇಟೆಗೆ ಹೋದ್ರ ಬೋರ್ಡ ಓದತಾರ, ಮಾಲು ನೋಡೂದಿಲ್ಲ. ನೀವ ನೋಡಿ ತಗೋರಿ" ಎಂದು ಆ ತಾಯಿಗೆ ಹೇಳಿದಳು. ನಾವು ನಕ್ಕೆವು.

ಅದರಂತೆಯೇ ನಾವು ಮಾಡಿದ ಮೊದಲನೆಯ ಕೆಲಸವೆಂದರೆ ಒಂದು ಬೋರ್ಡು ಓದಿದ್ದು. ಗಾಜಿನ ಮುಂಗಟ್ಟಿನ ಒಂದು ದೊಡ್ಡ ಅಂಗಡಿಯ ಮೇಲೆ ಅರ್ಧ ಬೆಲೆಯ ಘೋಷಣೆ ತೂಗುತ್ತಿತ್ತು. ಒಳಗೆ ತಂಪು ಗಾಳಿ, ಮೆತ್ತನೆಯ ಗಾದಿ, ಕುಡಿಯಲು ಸರಬತ್ತು. ವರನಿಗೆಂದು ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಅರಿವೆ. ಮೇಲೆ 4,800 ರೂಪಾಯಿ, ಅದನ್ನು ಹೊಡೆದು 2,400. ತಾಯಿಯು ಮೆಲ್ಲನೆ ಕೇಳಿದಳು: "ಗುರುಗಳ, ಅರ್ಧಾ ಬಿಟ್ಟೇವಿ ಅಂತಾರ. ಪೂರಾ ಇಷ್ಟ ಅಂತ ಬರದವರ ಯಾರ್ರಿ?" ನಾವು ತಕ್ಷಣ ಉತ್ತರ ಕೊಡಲಾರದೆ, ಹೆಸರುಳ್ಳ ದೊಡ್ಡ ಅಂಗಡಿಯೆಂದೆವು. ಗುರುಗಳ ಮಾತನ್ನು ಮೀರಬಾರದೆಂದು ಅವರು ಹಣ ಎಣಿಸಿದರು. ಹುಡುಗಿಯು ವಹಿಯಲ್ಲಿ ಬರೆದುಕೊಂಡಳು. ಸೀರೆಗಳ ಕಡೆಗೆ ಹೊರಳಿದಾಗ ಮಾತ್ರ ತಾಯಿಯು ಸೆರಗಿನ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ನಡೀರಿ, ಬ್ಯಾರೆ ಕಡೆ ನೋಡೂಣು" ಎಂದು ಎದ್ದುಬಿಟ್ಟಳು.

ಅಲ್ಲಿಂದ ಮುಂದಿನ ನಾಯಕತ್ವವು ಅವಳದು. ಖಡೇಬಜಾರದಲ್ಲಿ ಅವಳು ಚೌಕಾಶಿ ಮಾಡಿದ್ದನ್ನು ಕಂಡು ನಾವು ಬೆರಗಾದೆವು. ಒಂದು ಅಂಗಡಿಯಲ್ಲಿ ದರ ಕೇಳಿದರೆ ಕೊಳ್ಳುವದಿಲ್ಲ; ಅದೇ ಸರಕನ್ನು ಮೂರು ಕಡೆ ಕೇಳಿ, ನಾಲ್ಕನೆಯ ಕಡೆ ಕೂಡುವಳು. ಮೊದಲು ಬೇಡವಾದುದನ್ನು ತೆಗೆಸಿ ನೋಡುವಳು, ಬೇಕಾದುದನ್ನು ಕಡೆಗೆ, ಬೇಸರದವಳಂತೆ ಮುಟ್ಟುವಳು. ಆಹೇರಿಯ ಕುಪ್ಪಸದ ಖಣಗಳನ್ನು ಒಂದೊಂದಾಗಿ ಕೇಳದೆ ಇಪ್ಪತ್ತಕ್ಕೆ ಒಂದೇ ದರ ಹಿಡಿದಳು. ಹೊಲಿದ ಉಡುಪನ್ನು ಕೊಳ್ಳುವವರು ಇನ್ನೊಂದನ್ನು ಅರಿತಿರಬೇಕು: 2025ರ ಸೆಪ್ಟೆಂಬರ್ 22ರಿಂದ ಒಂದು ನಗಕ್ಕೆ 2,500 ರೂಪಾಯಿಯವರೆಗೆ ಜಿ.ಎಸ್.ಟಿ. ನೂರಕ್ಕೆ 5, ಅದನ್ನು ದಾಟಿದರೆ 18. ನೂರಿನ್ನೂರು ರೂಪಾಯಿ ಮೇಲೇರಿದ ಅಂಗಿಯು ತೆರಿಗೆಯಿಂದಲೇ ಮತ್ತೆ ಮೇಲೇರುವದು.

ಮಧ್ಯಾಹ್ನವಾಯಿತು. ಊಟದ ವಿಷಯದಲ್ಲಾದರೂ ನಮ್ಮ ಪಾಂಡಿತ್ಯವನ್ನು ತೋರಬೇಕೆಂದು ನಾವು ಒಂದು ಖಾನಾವಳಿಯ ದಾರಿ ಹಿಡಿಯುವಷ್ಟರಲ್ಲಿ ಹುಡುಗಿಯು ಬುತ್ತಿಯ ಗಂಟನ್ನು ಮುಂದೆ ಹಿಡಿದಳು. ಕೋಟೆಯ ಕೆರೆಯ ದಂಡೆಯಲ್ಲಿ, ಆ ಎತ್ತರದ ರಾಷ್ಟ್ರಧ್ವಜದ ಕಂಬ ಕಾಣುವಲ್ಲಿ, ನೆರಳು ನೋಡಿ ಕುಳಿತೆವು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಝುಣಕ, ಗಟ್ಟಿ ಮೊಸರು. ನಮ್ಮ ಪಾಲಿನದನ್ನು ಮೊದಲೇ ಲೆಕ್ಕ ಹಿಡಿದು ಕಟ್ಟಿದ್ದರು. ಎದುರಿಗೆ ಕೋಟೆ. ಅದರೊಳಗೆ ರಟ್ಟರ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿ. ಈ ಊರು ವೇಣುಗ್ರಾಮವಾಗಿದ್ದ ಆ ಕಾಲಕ್ಕೂ ಇಲ್ಲಿ ಪರಸ್ಥಳದ ವರ್ತಕರು ಬಂದು ನೆರೆಯುತ್ತಿದ್ದರೆಂದು ನಾವು ಹೇಳತೊಡಗಿದೆವು; ತಾಯಿಯು ಇನ್ನೊಂದು ರೊಟ್ಟಿ ಬಡಿಸಿದಳು.

ಬುತ್ತಿಯಿಲ್ಲದೆ ಬಂದ ವಾಚಕರಿಗಾಗಿ ಖಾನಾವಳಿಯ ಮಾತನ್ನು ಇಲ್ಲಿ ಹೇಳುವದು ಅವಶ್ಯ. ಒಳ್ಳೆಯ ಖಾನಾವಳಿಯನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಗುರುತಿಸಬೇಕು. ರೊಟ್ಟಿ ಬಡಿಯುವ ಸಪ್ಪಳ ಹೊರಗಿನವರೆಗೆ ಕೇಳುತ್ತಿದ್ದರೆ ಒಳಗೆ ಹೋಗಬಹುದು; ಮುಂಜಾನೆ ಮಾಡಿಟ್ಟ ರೊಟ್ಟಿಯನ್ನು ಕೊಡುವಲ್ಲಿ ಸದ್ದಿರುವದಿಲ್ಲ. ಪದಾರ್ಥಗಳ ಪಟ್ಟಿ ಗಿಡ್ಡವಾಗಿರಬೇಕು: ಎರಡು ಪಲ್ಯ, ಒಂದು ಕಾಳು, ಸಾರು, ಅನ್ನ, ಮಜ್ಜಿಗೆ. ಕಚೇರಿಯ ಕಾರಕೂನರೂ ಲಾರಿಯ ಚಾಲಕರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದರೆ ದರದ ವಿಷಯದಲ್ಲಿ ನಿಶ್ಚಿಂತರಾಗಿರಬಹುದು. ನಿತ್ಯ ಬರುವವನಿಗೆ ಮೋಸ ಮಾಡಿ ಯಾವ ಖಾನಾವಳಿಯೂ ಬಾಳಲಾರದು. ನಾವು ಓದುವಾಗ ತಿಂಗಳ ಖಾತೆಯ ಪದ್ಧತಿಯಿತ್ತು. ಖಾತೆದಾರನು ಒಂದು ಹೊತ್ತು ತಪ್ಪಿಸಿದರೆ ಖಾನಾವಳಿಯ ಅಜ್ಜಿಯು ಮರುದಿನ "ಮೈಗೆ ಹುಷಾರಿಲ್ಲೇನು?" ಎಂದು ಕೇಳುತ್ತಿದ್ದಳು. ಇರಲಿ. ತೀರ ಕೈ ಬಿಗಿಯಾಗಿದ್ದವರಿಗೆ ಇಂದಿರಾ ಕ್ಯಾಂಟೀನುಗಳು ಇರುವವು. 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಅವು ನಮ್ಮ ಊರಿಗೂ ಬಂದಿರುವವು. ಉಪಾಹಾರಕ್ಕೆ 5 ರೂಪಾಯಿ, ಊಟಕ್ಕೆ 10. ಆಸ್ಪತ್ರೆಯಲ್ಲಿ ರೋಗಿಯ ಬಳಿ ಹದಿನೈದು ದಿನ ಕೂಡಬೇಕಾದವರಿಗೆ ಇದರ ಬೆಲೆ ಏನೆಂಬುದನ್ನು ಬರೆದು ತಿಳಿಸುವದು ಬೇಡ. ಅಲ್ಲಿ ಸಾಲಿನಲ್ಲಿ ನಿಲ್ಲಲು ಸಂಕೋಚಪಡುವ ನಮ್ಮ ಮಧ್ಯಮ ದರ್ಜೆಯವರನ್ನು ಕಂಡಾಗ ನಮಗೆ ನಗೆ ಬರುವದು.

ದೊಡ್ಡ ಹೋಟೆಲಿಗೆ ಹೋಗಲೇಬೇಕಾದರೆ ಬಿಲ್ಲನ್ನು ಓದಿ ಹಣ ಕೊಡಿರಿ. ಊಟದ ಮೇಲೆ ಸಾಮಾನ್ಯವಾಗಿ ತೆರಿಗೆ ನೂರಕ್ಕೆ 5; ಅದರ ಮೇಲೆ ತಾನಾಗಿಯೇ ಸೇವಾಶುಲ್ಕವನ್ನು ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಹೇಳಿತು, 2025ರ ಮಾರ್ಚ್ 28ರಂದು ದಿಲ್ಲಿಯ ಉಚ್ಚ ನ್ಯಾಯಾಲಯವು ಅದನ್ನು ಎತ್ತಿ ಹಿಡಿಯಿತು. ಬಡಿಸಿದವನಿಗೆ ಸಂತೋಷದಿಂದ ಕೊಡುವದು ಬೇರೆ.

ಮಧ್ಯಾಹ್ನದ ಮೇಲೆ ಶಹಾಪುರ, ವಡಗಾವಿಗಳ ಕಡೆಗೆ ಹೊರಟೆವು. ರಿಕ್ಷಾದ ಬಾಡಿಗೆಯನ್ನು ಹತ್ತುವ ಮೊದಲೇ ಗೊತ್ತುಮಾಡಿಕೊಳ್ಳುವದು ಒಳ್ಳೆಯದು. ದಾರಿಯಲ್ಲಿ ಟಿಳಕವಾಡಿಯ ಕಾಂಗ್ರೆಸ್ ಬಾವಿಯನ್ನು ತೋರಿಸಿದೆವು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನವು 1924ರ ಡಿಸೆಂಬರಿನಲ್ಲಿ ಜರುಗಿದ್ದು ಇಲ್ಲಿಯೇ. ಪ್ರತಿನಿಧಿಗಳ ಶುಲ್ಕವನ್ನು ಹತ್ತು ರೂಪಾಯಿಯಿಂದ ಒಂದಕ್ಕೆ ಇಳಿಸಿದ್ದೂ ಆ ಸಂದರ್ಭದಲ್ಲಿಯೇ. "ಹಂಗಾದ್ರ ಅವರೂ ಚೌಕಾಶಿ ಮಾಡ್ಯಾರ" ಎಂದಳು ಹುಡುಗಿ.

ವಡಗಾವಿಯ ಓಣಿಗಳಲ್ಲಿ ಮಗ್ಗದ ಸದ್ದು ಮನೆಯಿಂದ ಮನೆಗೆ ಕೇಳಿಸುವದು. ಈಗ ಬಹುತೇಕ ವಿದ್ಯುನ್ಮಗ್ಗಗಳು. ನೇಯುವವರ ಮನೆಯಲ್ಲಿಯೇ ಕೊಂಡರೆ ಅಗ್ಗವೆಂದು ನಾವು ಕೇಳಿದ್ದೆವು. ಮೊದಲನೆಯ ಮನೆಯಲ್ಲಿ ಮಗ್ಗದ ಮೇಲಿದ್ದ ಸೀರೆಯ ಬಣ್ಣವು ಹುಡುಗಿಗೆ ಮೆಚ್ಚಿಕೆಯಾಯಿತು. ದರ ಕೇಳಿದರೆ ನೇಕಾರನು ತಲೆಯಾಡಿಸಿದನು. "ಸೀರಿ ನಮ್ಮದಲ್ರಿ. ನೂಲು ಮಾಲಕರದು. ಕೈ ಅಷ್ಟ ನಮ್ಮದು." ಆ ಸೀರೆಗೆ ಅಂಗಡಿಯಲ್ಲಿ ಏನು ದರವಿರಬಹುದೆಂದು ಅವನೇ ನಮ್ಮನ್ನು ಕೇಳಿದನು. ನಾವು ಅಂದಾಜಿನಿಂದ ಹೇಳಿದೆವು. ಅವನು ತನ್ನ ಕೂಲಿಯನ್ನು ಹೇಳಲಿಲ್ಲ. ಸುಮ್ಮನೆ ಮತ್ತೆ ಮಗ್ಗವನ್ನು ಹಚ್ಚಿದನು. ನೇಕಾರರ ಓಣಿಗೆ ಹೋಗುವವರು ಯಾವ ಸೀರೆಯೆಂದು ಕೇಳುವದಕ್ಕಿಂತ ಮೊದಲು ಯಾರ ನೂಲೆಂದು ಕೇಳಬೇಕೆಂಬುದು ನಮಗೆ ಅಂದು ತಿಳಿಯಿತು. ಕೂಲಿಗೆ ನೇಯುವವನು ಮಾರಲಾರನು. ಸ್ವಂತ ನೂಲು ಹಾಕಿದವನು ಮಾರುವನು.

ಅಂಥ ಮನೆಯೊಂದು ಎರಡು ಓಣಿ ಆಚೆಗೆ ಸಿಕ್ಕಿತು. ಮನೆಯೊಡತಿಯು ಚಾಪೆ ಹಾಸಿ ಸೀರೆಗಳನ್ನು ಹರವಿದಳು. ಐದು ಸೀರೆ ಆರಿಸಿದರು. ಒಂದೊಂದಕ್ಕೂ ದರ ಹೇಳಿದಳು. ಖಡೇಬಜಾರದ ಶೌರ್ಯವನ್ನು ಕಂಡಿದ್ದ ನಾವು, ಇನ್ನು ನೋಡಬೇಕು ಗಮ್ಮತ್ತು ಎಂದುಕೊಂಡೆವು. ತಾಯಿಯು ಚೀಲ ಬಿಚ್ಚಿ ಹೇಳಿದಷ್ಟನ್ನೂ ಎಣಿಸಿಕೊಟ್ಟಳು. ಹೊರಗೆ ಬಂದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟೆವು.

"ಮಾಡಿದವರ ಬಾಗಲದಾಗ ನಿಂತ ಚೌಕಾಶಿ ಮಾಡಬಾರದ್ರಿ ಗುರುಗಳ. ಒಂದ ಗಡಿಗಿಗೆ ಮಣ್ಣ ತರೂದೆಷ್ಟ, ತುಳಿಯೂದೆಷ್ಟ, ಸುಡೂದೆಷ್ಟ. ಮೋಟಾರದಾಗ ಬಂದವರು ನಮ್ಮ ಬಾಗಲದಾಗ ನಿಂತ ಹತ್ತ ರೂಪಾಯಿ ಬಿಡ ಅಂತಾರ. ಬಿಟ್ಟೇವಿ, ಏನ ಮಾಡೂದು" ಎಂದಳು.

ಖಾನಾಪುರದ ಕಡೆಯ ಕುಂಬಾರಿಕೆಯು ಹೆಸರಾದುದು; ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯೂ ಅಲ್ಲಿರುವದು. ಆ ಊರಿನ ಗಡಿಗೆಯನ್ನು ಹತ್ತು ರೂಪಾಯಿ ಬಿಡಿಸಿ ತಂದು, ಅದರ ಕಥೆಯನ್ನು ಇಷ್ಟಮಿತ್ರರ ಮುಂದೆ ಹೇಳಿದವರಲ್ಲಿ ನಾವೂ ಒಬ್ಬರು. ಅದನ್ನು ಆಗ ಅವಳಿಗೆ ಹೇಳಲಿಲ್ಲ.

ಲೆಕ್ಕ ನೋಡಿದರೆ ಆ ಐದು ಸೀರೆಗಳು ಪೇಟೆಯ ದರಕ್ಕಿಂತ ಕಡಿಮೆಗೇ ಬಂದಿದ್ದವು. ಧಾರೆಯ ಸೀರೆ ಮಾತ್ರ ಇಳಕಲ್ಲಿನದೇ ಆಗಬೇಕೆಂದು ಶಹಾಪುರದ ಒಂದು ಹಳೆಯ ಅಂಗಡಿಗೆ ಹೋದೆವು. ಕೈಮಗ್ಗದ ಇಳಕಲ್ ಸೀರೆಯಲ್ಲಿ ಮೈಯ ಹಾಸಿನ ನೂಲಿಗೆ ಸೆರಗಿನ ಹಾಸಿನ ನೂಲನ್ನು ಕೊಂಡಿ ಹಾಕಿ ಕೂಡಿಸಿರುವರು. ಆ ಜೋಡಣೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಮೈ ಹತ್ತಿಯದೋ ರೇಷ್ಮೆಯದೋ, ಸೆರಗು ನಿಜವಾದ ರೇಷ್ಮೆಯೋ ಕೃತಕವೋ ಎಂಬುದರ ಮೇಲೆ ದರವು ಎಷ್ಟೋ ಪಟ್ಟು ಹೆಚ್ಚುಕಡಿಮೆಯಾಗುವದು. ಅಪ್ಪಟ ರೇಷ್ಮೆಯೆಂದು ಹಣ ಕೇಳಿದರೆ 2004ರಿಂದ ಬಳಕೆಗೆ ಬಂದಿರುವ 'ಸಿಲ್ಕ್ ಮಾರ್ಕ್' ಚೀಟಿಯನ್ನು ತೋರಿಸೆನ್ನಬಹುದು. ಚೀಟಿಯಿಲ್ಲದಲ್ಲಿ ಹಳೆಯ ಪರೀಕ್ಷೆಯೇ ಗತಿ: ಒಂದು ಎಳೆಯನ್ನು ಸುಟ್ಟರೆ ರೇಷ್ಮೆಯು ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುವದು, ಪಾಲಿಯೆಸ್ಟರು ಕರಗಿ ಗುಂಡಿನಂತೆ ಗಟ್ಟಿಯಾಗುವದು. ತಾಳಿಯ ಬಂಗಾರವನ್ನು ಅವರು ಮೊದಲೇ ತೆಗೆದುಕೊಂಡಿದ್ದರು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನೊಡನೆ ಆರು ಅಕ್ಷರಾಂಕಗಳ ಗುರುತಿಲ್ಲದೆ ಮಾರಕೂಡದೆಂಬುದನ್ನು ಶಿಷ್ಯನೇ ನಮಗೆ ತಿಳಿಸಿದನು.

ಸಂಜೆಗೆ ರವಿವಾರ ಪೇಟೆ. ಇಲ್ಲಿ ಸಗಟು ವ್ಯಾಪಾರ. ಸೇರುಪಾವಿನ ಗಿರಾಕಿಯನ್ನು ಯಾರೂ ತಲೆಯೆತ್ತಿ ನೋಡರು. ಬ್ಯಾಡಗಿ ಮೆಣಸಿನಕಾಯಿ, ಬೆಲ್ಲ, ಒಣಕೊಬ್ಬರಿ, ಉತ್ತತ್ತಿಗಳನ್ನು ಮದುವೆಗೆ ಬೇಕಾದಷ್ಟು ಕೊಳ್ಳುವವರಿಗೆ ಉಳಿತಾಯವಾಗುವದು ನಿಜ. ಬರಿಯ ಸಂಸಾರಕ್ಕೆ ಬೇಕಾದವರು ನೆರೆಮನೆಯ ಇಬ್ಬರು ಮೂವರೊಡನೆ ಪಾಲು ಹಾಕಿಕೊಂಡು ಬರಬೇಕು. ನಮ್ಮ ಓಣಿಯ ಹೆಂಗಸರು ಹಾಗೆಯೇ ಮಾಡುವರು. ಬೀಗರಿಗೆಂದು ಕುಂದಾ ಕೊಂಡೆವು. ರಟ್ಟಿನ ಡಬ್ಬಿಯನ್ನೂ ತಕ್ಕಡಿಗಿಟ್ಟು ಮಿಠಾಯಿಯ ದರದಲ್ಲಿ ಮಾರುವ ಚಾಳಿ ಕೆಲವೆಡೆ ಉಂಟಾದ್ದರಿಂದ ಮೊದಲು ಡಬ್ಬಿಯ ತೂಕವನ್ನು ಕಳೆಯಿಸಬೇಕು. ಬೆಳಗಾವಿಯ ಮಂಡಿಗೆಯನ್ನೂ ಒಯ್ಯಬೇಕೆಂದು ಹುಡುಗಿಗೆ ಆಸೆ. ವಹಿಯನ್ನು ನೋಡಿ, "ಮನಸಿನ್ಯಾಗ ತಿಂದರಾತು" ಎಂದು ನಕ್ಕಳು.

ಸಾಮಾನುಗಳನ್ನು ಕಟ್ಟಲೆಂದು ನಮ್ಮ ಮನೆಗೆ ಬಂದಾಗ ನಮ್ಮ ಗೃಹಿಣಿಯು ಒಂದೊಂದನ್ನೇ ಬಿಚ್ಚಿ ನೋಡಿದಳು. ವರನ ಅರಿವೆಯ ಪೆಟ್ಟಿಗೆ ಬಂದೊಡನೆ ಹೊಲಿಗೆಯ ಟೇಪನ್ನು ತಂದಳು. ಪ್ಯಾಂಟಿನ ಅರಿವೆಯೆಂದು ಪೆಟ್ಟಿಗೆಯ ಮೇಲೆ ಬರೆದದ್ದು 1 ಮೀಟರ್ 20 ಸೆಂಟಿಮೀಟರ್; ಒಳಗಿದ್ದದ್ದು 1 ಮೀಟರ್ 5. ಯಾರೂ ಮಾತಾಡಲಿಲ್ಲ. ನಾವು ಕಿಸೆಯಿಂದ ಹಣ ತೆಗೆದೆವು. ಶಿಷ್ಯನು ಕೈಮುಗಿದು ಹಿಂದೆ ಸರಿದನು. ಪೆಟ್ಟಿಗೆಯನ್ನು ನಮ್ಮಲ್ಲಿಯೇ ಬಿಟ್ಟುಹೋಗಲು ಮಾತ್ರ ಒಪ್ಪಿದನು.

ಮರುದಿನ ಹತ್ತು ಗಂಟೆಗೆ ಆ ಅಂಗಡಿಯ ಬಾಗಿಲಲ್ಲಿ ಕೋಟು ತೊಟ್ಟು ನಿಂತೆವು. ವ್ಯವಸ್ಥಾಪಕನು ಬಿಲ್ಲಿನ ಕೆಳಗಿನ ಸಾಲಿಗೆ ಬೆರಳಿಟ್ಟನು: ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿಯನ್ನು ಹೇಳಿರದಿದ್ದರೆ ಮೂವತ್ತು ದಿನಗಳಲ್ಲಿ, ಹಿಂದಕ್ಕೆ ತೆಗೆದುಕೊಂಡು ಹಣ ಕೊಡಲು ಒಪ್ಪದಿರುವದು ಅನುಚಿತ ವ್ಯಾಪಾರಪದ್ಧತಿ ಎನ್ನಿಸುವದೆಂದೂ, ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಗ್ರಾಹಕ ಆಯೋಗದಲ್ಲಿ ದೂರಿನ ಶುಲ್ಕವೇ ಇಲ್ಲವೆಂದೂ, 1915ಕ್ಕೆ ಫೋನು ಮಾಡಿದರೂ ದೂರು ದಾಖಲಾಗುವದೆಂದೂ ನಾವು ತರಗತಿಯಲ್ಲಿ ಹೇಳುವ ದನಿಯಲ್ಲಿಯೇ ಹೇಳಿದೆವು. ಬಿಲ್ಲನ್ನು ಎಸೆಯದೆ ಇಟ್ಟದ್ದು ಹುಡುಗಿಯ ಜಾಣತನ. ಅದಿಲ್ಲದಿದ್ದರೆ ನಮ್ಮ ಮಾತೆಲ್ಲ ವ್ಯರ್ಥವಾಗುತ್ತಿತ್ತು. ಒಂದು ತಾಸು ಕಾಯಿಸಿ 2,400 ರೂಪಾಯಿ ಕೊಟ್ಟರು. ಸರಬತ್ತು ಕೊಡಲಿಲ್ಲ.

ಹಣವನ್ನು ಶಿಷ್ಯನಿಗೆ ಮುಟ್ಟಿಸಿ, ವರನಿಗೆ ಬೇರೆ ಅರಿವೆ ನಾವೇ ಆರಿಸಿ ಕಳಿಸೋಣವೇ ಎಂದು ಕೇಳಿದೆವು. ಬೇಡವೆಂದು ಬಹಳ ವಿನಯದಿಂದ ಹೇಳಿದನು. ಅವನ ತಾಯಿಯು ತಮ್ಮ ಕಡೆಯ ಸಂತೆಯಲ್ಲಿ, ಗುರುತಿನ ಅಂಗಡಿಯಲ್ಲಿ, ಎದುರಿಗೆ ಅಳೆಸಿ ಹರಿಸಿಕೊಂಡು ಬಂದಿದ್ದಳಂತೆ. ಮದುವೆಗೆ ನಾವು ದಂಪತಿಗಳು ಹೋಗಿದ್ದೆವು. ವರನು ಅದನ್ನೇ ಹೊಲಿಸಿ ತೊಟ್ಟಿದ್ದನು. ಉದ್ದ ಸರಿಯಾಗಿತ್ತು. ಬರುವಾಗ ಆ ತಾಯಿಯು ನಮ್ಮ ಗೃಹಿಣಿಗೆ ಉಡಿ ತುಂಬಿ ಒಂದು ಗಡಿಗೆಯನ್ನು ಕೊಟ್ಟಳು. ದರ ಕೇಳುವ ಧೈರ್ಯ ನಮಗಾಗಲಿಲ್ಲ.